ಜಿಂಕೆಯ ಕೊಂಬು: ಶುಚಿ ಮಾಡುವುದು, ಕಾಪಾಡುವುದು, ಬಳಸುವುದು

ಈ ಸಂಚಿಕೆಗೆ ಆಯ್ದುಕೊಂಡಿರುವ ಪತ್ರಗಳೆಲ್ಲ ಜಿಂಕೆ ಮತ್ತು ಕಡವೆಗಳ ಕೊಂಬಿಗೆ ಸಂಬಂಧಿಸಿದವು. ಕೆಲವನ್ನು ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿರುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಬರೆದಿದ್ದಾರೆ. ಇನ್ನು ಕೆಲವು ಕೊಡಗು ಮತ್ತು ಮಲೆನಾಡಿನ ಮನೆಗಳಿಂದ ಬಂದಿವೆ. ಇವೆರಡಕ್ಕೂ ಒಂದೇ ಉತ್ತರ ಸಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಜಿಂಕೆಯನ್ನು ಬೇಟೆಯಾಡುವುದು ಅಪರಾಧ. ಅದರ ಕೊಂಬನ್ನು ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧವೇ. ಆದ್ದರಿಂದ ಬೇಟೆಯ ನಂತರದ ಕೆಲಸವನ್ನು ಕುರಿತ ಉತ್ತರಗಳು ಹೊರದೇಶದ ಓದುಗರಿಗೆ ಮಾತ್ರ ಅನ್ವಯಿಸುತ್ತವೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಉತ್ತರಗಳಿಗೆ ಮೊದಲು ಒಂದು ಮಾತು. ಹಸು, ಆಡು, ಕೃಷ್ಣಮೃಗಗಳ ಕೋಡಿನ ಹೊರಭಾಗ ನಮ್ಮ ಉಗುರಿನಂತೆ ಕೆರಾಟಿನ್‌ನಿಂದ ಆದದ್ದು. ಅದು ಜೀವಮಾನವಿಡೀ ತಲೆಯ ಮೇಲೆಯೇ ಇರುತ್ತದೆ. ಜಿಂಕೆಯ ಕುಲದ ಗಂಡುಗಳ ಕೊಂಬು ಹಾಗಲ್ಲ, ಅದು ಶುದ್ಧ ಮೂಳೆ. ತಲೆಬುರುಡೆಯ ಎರಡು ಗೂಟಗಳ ಮೇಲೆ ಬೆಳೆಯುತ್ತದೆ, ಬಲಿಯುತ್ತದೆ, ಉದುರುತ್ತದೆ, ಮತ್ತೆ ಹೊಸದಾಗಿ ಬೆಳೆಯುತ್ತದೆ. ಮೂಳೆಗೆ ಸೂಕ್ಷ್ಮ ರಂಧ್ರಗಳಿರುತ್ತವೆ, ಅದು ನೀರನ್ನೂ ಎಣ್ಣೆಯನ್ನೂ ಹೀರುತ್ತದೆ, ಬಿಸಿಲಿಗೆ ಸೀಳುತ್ತದೆ, ತೀಕ್ಷ್ಣ ರಾಸಾಯನಿಕಕ್ಕೆ ಪುಡಿಯಾಗುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳ ಬಹುಪಾಲು ಈ ಗುಣದಿಂದಲೇ ಹುಟ್ಟಿದವು.

ಪ್ರಶ್ನೆ: ನಾನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಕಳೆದ ನವೆಂಬರ್‌ನ ಬೇಟೆಯ ಋತುವಿನಲ್ಲಿ ಪರವಾನಗಿಯೊಂದಿಗೆ ಮೊದಲ ಬಾರಿಗೆ ಒಂದು ಬಿಳಿಬಾಲದ ಜಿಂಕೆಯನ್ನು ಹೊಡೆದೆ. ಮಾಂಸವನ್ನು ಗೆಳೆಯರೊಂದಿಗೆ ಹಂಚಿಕೊಂಡಾಗಿದೆ, ತಲೆ ಇನ್ನೂ ಫ್ರೀಜರ್‌ನಲ್ಲಿದೆ. ಬುರುಡೆಯನ್ನೂ ಕೊಂಬನ್ನೂ ಒಟ್ಟಿಗೆ ಮನೆಯಲ್ಲಿಯೇ ಶುಚಿ ಮಾಡಿ ಗೋಡೆಗೆ ಹಾಕಬೇಕೆಂದಿದ್ದೇನೆ. ಹೇಗೆ ಮಾಡಬೇಕು?

ಉತ್ತರ: ಕತ್ತಿ ಹಿಡಿಯುವ ಮುನ್ನ ಒಂದು ವಿಷಯ ಇತ್ಯರ್ಥವಾಗಬೇಕು. ಪ್ರಿಯಾನ್ ಎಂಬ ರೂಪಗೆಟ್ಟ ಪ್ರೋಟೀನ್‌ಗಳಿಂದ ಜಿಂಕೆಗಳಿಗೆ ಬರುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗವನ್ನು ಮೊದಲು ಗುರುತಿಸಿದ್ದು 1967ರಲ್ಲಿ, ಕೊಲರಾಡೋದಲ್ಲಿ. ನಿಮ್ಮ ವಿಸ್ಕಾನ್ಸಿನ್‌ನಲ್ಲಿ ಅದು 2002ರಲ್ಲಿ ಪತ್ತೆಯಾಯಿತು. ರೋಗಕಾರಕವಾದ ಪ್ರಿಯಾನ್‌ಗಳು ಮಿದುಳು, ಬೆನ್ನುಹುರಿ, ಕಣ್ಣು ಮತ್ತು ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಹೆಚ್ಚಾಗಿ ಸೇರಿಕೊಳ್ಳುತ್ತವೆ, ಮತ್ತು ಅಡುಗೆಮನೆಯ ಕುದಿನೀರಿಗೆ ಅವು ನಾಶವಾಗುವುದಿಲ್ಲ. ಮನುಷ್ಯರಿಗೆ ಈ ರೋಗ ತಗಲಿದ ದೃಢಪಟ್ಟ ಪ್ರಕರಣ ಇದುವರೆಗೆ ಇಲ್ಲವಾದರೂ, ರೋಗವಿರುವ ಜಿಂಕೆಯ ಮಾಂಸವನ್ನು ತಿನ್ನಬಾರದೆಂದು ಅಲ್ಲಿನ ಆರೋಗ್ಯ ಇಲಾಖೆ ಸಲಹೆ ಕೊಡುತ್ತದೆ. ಕುತ್ತಿಗೆಯ ದುಗ್ಧಗ್ರಂಥಿಯನ್ನು ಪರೀಕ್ಷೆಗೆ ಕೊಡುವ ಕೇಂದ್ರಗಳು ನಿಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ನೀವು ಪರೀಕ್ಷೆ ಮಾಡಿಸಿದ್ದೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಮಾಡಿಸಿಲ್ಲವಾದರೆ ಗ್ರಂಥಿ ತಲೆಯೊಂದಿಗೇ ಉಳಿದಿದೆಯೇ ಎಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯನ್ನು ಕೇಳಿ, ಫಲಿತಾಂಶ ಬರುವವರೆಗೆ ತಲೆಯನ್ನು ಫ್ರೀಜರ್‌ನಿಂದ ತೆಗೆಯಬೇಡಿ, ಉಳಿದ ಮಾಂಸವನ್ನೂ ಬೇಯಿಸಬೇಡಿ ಮತ್ತು ಹಂಚಿಕೊಂಡ ಗೆಳೆಯರಿಗೂ ಇದನ್ನೇ ತಿಳಿಸಿ. ರೋಗವಿದೆಯೆಂದು ಬಂದರೆ ಬುರುಡೆಯ ಆಸೆಯನ್ನು ಬಿಟ್ಟುಬಿಡುವುದೇ ಸರಿ ಎಂದು ನಾನು ಭಾವಿಸುತ್ತೇನೆ.

ರೋಗವಿಲ್ಲವೆಂದು ಖಚಿತವಾದ ಮೇಲೆ ತಲೆಯನ್ನು ಫ್ರಿಜ್‌ನಲ್ಲಿಟ್ಟು ನಿಧಾನವಾಗಿ ಕರಗಿಸಿ. ರಬ್ಬರ್ ಕೈಗವಸು ಮತ್ತು ಕಣ್ಣಿನ ರಕ್ಷಣೆಯ ಕನ್ನಡಕವನ್ನು ಧರಿಸಿ, ಚರ್ಮವನ್ನು ಸುಲಿದು, ಕಣ್ಣು, ನಾಲಗೆ ಮತ್ತು ಕೆಳದವಡೆಯನ್ನು ಬೇರ್ಪಡಿಸಿ, ದಪ್ಪ ಮಾಂಸವನ್ನು ಚಾಕುವಿನಿಂದ ಎಷ್ಟು ಸಾಧ್ಯವೋ ಅಷ್ಟು ತೆಗೆದುಬಿಡಿ. ಹಿಂಬದಿಯ ದೊಡ್ಡ ರಂಧ್ರದ ಮೂಲಕ ಬಗ್ಗಿಸಿದ ತಂತಿಯಿಂದ ಮಿದುಳನ್ನು ಕಲಕಿ, ನೀರು ಹಾಯಿಸಿ ಹೊರತೆಗೆಯಬೇಕು. ತೆಗೆದ ಭಾಗಗಳನ್ನು ಎರಡು ಪದರದ ಚೀಲದಲ್ಲಿ ಕಟ್ಟಿ ಕಸದ ವ್ಯವಸ್ಥೆಗೆ ಒಪ್ಪಿಸಿ. ತೋಟದ ಗೊಬ್ಬರದ ಗುಂಡಿಗೆ ಅವನ್ನು ಹಾಕಬಾರದು. ಕೈಯಿಂದ ಎಷ್ಟು ಹೆಚ್ಚು ತೆಗೆಯುತ್ತೀರೋ ಬುರುಡೆ ಬಿಸಿನೀರಿನಲ್ಲಿ ಇರಬೇಕಾದ ಹೊತ್ತು ಅಷ್ಟು ಕಡಿಮೆಯಾಗುತ್ತದೆ, ಮೂಳೆಗೆ ಅದೇ ಕ್ಷೇಮ.

ಮನೆಯ ಹೊರಗೆ, ಮತ್ತೆಂದೂ ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ಕಾಯಿಸಿ, ಅದಕ್ಕೆ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ನೀರು ಕೊತಕೊತನೆ ಕುದಿಯಬಾರದು. ಹಬೆಯಾಡುತ್ತಿರಬೇಕು, ಗುಳ್ಳೆ ಏಳಬಾರದು. ಅಂದರೆ 80ರಿಂದ 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಲ್ಲಬೇಕು. ರಭಸವಾಗಿ ಕುದಿಸಿದರೆ ಮೂಗಿನ ಒಳಗಿನ ಕಾಗದದಷ್ಟು ತೆಳುವಾದ ಮೂಳೆಗಳು ಕಳಚಿಹೋಗುತ್ತವೆ, ಬುರುಡೆಯ ಕೂಡುಗೆರೆಗಳು ಬಿಚ್ಚಿಕೊಳ್ಳುತ್ತವೆ, ಕೊಬ್ಬು ಮೂಳೆಯ ಆಳಕ್ಕೆ ಇಳಿದು ವರ್ಷಗಳ ನಂತರ ಹಳದಿ ಕಲೆಯಾಗಿ ಹೊರಬರುತ್ತದೆ. ಕೊಂಬಿನ ಬುಡದ ಉಬ್ಬುಬಳೆಯಿಂದ ಮೇಲಕ್ಕೆ ಪ್ಲಾಸ್ಟಿಕ್ ಹಾಳೆಯನ್ನು, ಅದರ ಮೇಲೆ ಅಲ್ಯುಮಿನಿಯಂ ಹಾಳೆಯನ್ನು ಬಿಗಿಯಾಗಿ ಸುತ್ತಿ, ನೀರಿನ ಮಟ್ಟ ಯಾವಾಗಲೂ ಆ ಬಳೆಯಿಂದ ಕೆಳಗೇ ಇರುವಂತೆ ನೋಡಿಕೊಳ್ಳಿ. ಕೊಂಬಿನ ಕಂದುಬಣ್ಣ ಬಹುಮಟ್ಟಿಗೆ ಹೊರಮೈಯದು. ಗಂಡು ಜಿಂಕೆ ಮರಗಳ ತೊಗಟೆಗೆ ಕೊಂಬನ್ನು ಉಜ್ಜಿ ಪಡೆದ ಬಣ್ಣ ಅದು. ಕೊಬ್ಬು ತೇಲುವ ಬಿಸಿನೀರು ತಾಗಿದರೆ ಅದು ಮಾಸಿ ಬುಡದಲ್ಲಿ ಬೂದಿಬಣ್ಣದ ಗೆರೆ ಉಳಿಯುತ್ತದೆ.

ಅರ್ಧ ಗಂಟೆಗೊಮ್ಮೆ ಹೊರತೆಗೆದು, ಸಡಿಲವಾದ ಮಾಂಸವನ್ನು ಮೊಂಡು ಚಾಕುವಿನಿಂದಲೂ ಹಲ್ಲುಜ್ಜುವ ಬ್ರಶ್ಶಿನಿಂದಲೂ ಕೆರೆದು, ನೀರು ಬದಲಿಸಿ ಮತ್ತೆ ಇಳಿಸಿ. ಬೆಂದದ್ದನ್ನು ಒಮ್ಮೆಲೇ ತಣ್ಣೀರಿಗೆ ಹಾಕಬೇಡಿ. ಹಲ್ಲುಗಳು ಉದುರಿದರೆ ಗಾಬರಿಯಾಗಬೇಕಿಲ್ಲ. ಎತ್ತಿಟ್ಟುಕೊಂಡು ಕೊನೆಗೆ ಅಂಟಿನಿಂದ ಕೂರಿಸಬಹುದು.

ಮಾಂಸ ಹೋದ ಮೇಲೆ ಉಳಿಯುವ ಕೆಲಸ ಕೊಬ್ಬಿನದು, ಮತ್ತು ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಪಾತ್ರೆ ತೊಳೆಯುವ ಸಾಬೂನನ್ನು ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಬುರುಡೆಯನ್ನು ನೆನೆಹಾಕಿ, ನೀರು ಕದಡಿದಾಗಲೆಲ್ಲ ಬದಲಿಸುತ್ತ, ನೀರು ತಿಳಿಯಾಗಿ ಉಳಿಯುವವರೆಗೂ ಮುಂದುವರಿಸಿ. ಇಲ್ಲಿಯೂ ಕೊಂಬುಗಳು ನೀರಿನಿಂದ ಮೇಲಿರಬೇಕು. ಇದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೂ ಹಿಡಿಯಬಹುದು. ಅನಂತರವೇ ಬಿಳುಪು ಮಾಡಬೇಕು. ಅದಕ್ಕೆ ಔಷಧದಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಕೂದಲಿನ ಬಣ್ಣದ ಅಂಗಡಿಗಳಲ್ಲಿ ದೊರೆಯುವ 12 ಶೇಕಡಾ ಕ್ರೀಮನ್ನು ಬ್ರಶ್ಶಿನಿಂದ ಬಳಿದು ಪ್ಲಾಸ್ಟಿಕ್ ಹೊದಿಸುವವರೂ ಇದ್ದಾರೆ. ಎರಡನ್ನೂ ಕೊಂಬಿಗೆ ತಾಗಿಸಬಾರದು, ಕಾಯಿಸಬಾರದು, ಅನಿಲ ಬಿಡುಗಡೆಯಾಗುವುದರಿಂದ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಬಾರದು. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಆ ದಿನ ಮೂಳೆ ಬೆಳ್ಳಗೆ ಹೊಳೆದರೂ ಒಳಗಿನ ಅಂಟುಪ್ರೋಟೀನ್ ಸವೆಯುತ್ತ ಹೋಗಿ ಕಾಲಕ್ರಮದಲ್ಲಿ ಅದು ಸೀಮೆಸುಣ್ಣದಂತೆ ಉದುರುತ್ತದೆ. ಕೊನೆಗೆ ನೆರಳಿನಲ್ಲಿ ಗಾಳಿಗೆ ಒಣಗಿಸಿ.

ನೆಲದಲ್ಲಿ ಹೂತಿಡುವ ಹಳೆಯ ಪದ್ಧತಿಯನ್ನು ಕೆಲವರು ನಿಮಗೆ ಹೇಳಿರಬಹುದು. ಹುಳುಗಳು ಮಾಂಸವನ್ನು ತಿನ್ನುತ್ತವೆ ನಿಜ, ಆದರೆ ಮಣ್ಣು ಕೊಂಬಿಗೆ ಅಳಿಸಲಾಗದ ಕಲೆ ಹಚ್ಚುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಡರ್ಮೆಸ್ಟಿಡ್ ಎಂಬ ಜೀರುಂಡೆಗಳ ಗುಂಪನ್ನು ಸಾಕಿ, ಅವುಗಳಿಂದಲೇ ಬುರುಡೆಯನ್ನು ಶುಚಿ ಮಾಡಿಸುತ್ತಾರೆ. ಸೂಕ್ಷ್ಮ ಮೂಳೆಗಳಿಗೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ತಪ್ಪಿಸಿಕೊಂಡ ಜೀರುಂಡೆಗಳು ಉಣ್ಣೆ, ಚರ್ಮ, ತುಪ್ಪಳ ಯಾವುದನ್ನೂ ಬಿಡುವುದಿಲ್ಲವಾದ್ದರಿಂದ ಮನೆಯೊಳಗೆ ಈ ಸಾಹಸ ಬೇಡ. ಹಣ ಕೊಟ್ಟರೆ ಈ ಕೆಲಸವನ್ನು ಮಾಡಿಕೊಡುವವರು ನಿಮ್ಮ ಭಾಗದಲ್ಲಿ ಸಿಗುತ್ತಾರೆ.

ಕೊಂಬಿನ ಅಳತೆಯನ್ನು ದಾಖಲಿಸುವ ಯೋಚನೆಯಿದ್ದರೆ ಒಂದು ಮಾತು. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ನಿಯಮದಂತೆ, ಅಧಿಕೃತ ಅಳತೆಗೆ ಮೊದಲು ಕೊಂಬು ಸಾಮಾನ್ಯ ಗಾಳಿಯಲ್ಲಿ 60 ದಿನ ಒಣಗಬೇಕು. ತೇವ ಆರಿದಂತೆ ಕೊಂಬು ಸ್ವಲ್ಪ ಕುಗ್ಗುವುದೇ ಅದಕ್ಕೆ ಕಾರಣ.

ಪ್ರಶ್ನೆ: ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿದ್ದೇವೆ. ನನ್ನ ಪತಿ ಅನುಮತಿ ಪಡೆದು ಹೊಡೆದ ಕೆಂಪು ಜಿಂಕೆಯ ಕೊಂಬಿನ ಮೇಲೆ ಮಖಮಲ್ಲಿನಂಥ ತೊಗಲು ಇನ್ನೂ ಇತ್ತು. ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದೇ?

ಉತ್ತರ: ಬಹುದು, ಆದರೆ ಸಮಯ ನಿಮ್ಮ ಕೈಯಲ್ಲಿ ಹೆಚ್ಚಿಲ್ಲ. ಆ ತೊಗಲಿನಲ್ಲಿ ರಕ್ತನಾಳಗಳೂ ನರಗಳೂ ದಟ್ಟವಾಗಿ ಹರಡಿರುತ್ತವೆ; ಕೊಂಬು ಬೆಳೆಯುವುದು ಅವುಗಳ ಪೋಷಣೆಯಿಂದಲೇ. ಸಸ್ತನಿಗಳ ದೇಹದಲ್ಲಿ ಇಷ್ಟು ಬೇಗ ಬೆಳೆಯುವ ಅಂಗ ಇನ್ನೊಂದು ಸಿಗುವುದು ಕಷ್ಟ. ದೊಡ್ಡ ಜಾತಿಯ ಜಿಂಕೆಗಳಲ್ಲಿ ಕೊಂಬು ದಿನಕ್ಕೆ 2 ಸೆಂಟಿಮೀಟರಿಗಿಂತ ಹೆಚ್ಚು ಚಾಚಿಕೊಳ್ಳುವುದುಂಟು. ಹಗಲು ಕಿರಿದಾಗುತ್ತ ಬಂದಂತೆ ಟೆಸ್ಟೋಸ್ಟಿರಾನ್ ಏರಿ, ಮೂಳೆ ಗಟ್ಟಿಯಾಗಿ, ರಕ್ತಸಂಚಾರ ನಿಂತು ತೊಗಲು ಒಣಗಿ ಉದುರುತ್ತದೆ. ನಿಮ್ಮ ದೇಶದಲ್ಲಿ ಇದು ಬೇಸಿಗೆಯ ಕೊನೆಯಲ್ಲಿ, ಮಾರ್ಚ್ ಮತ್ತು ಏಪ್ರಿಲ್‌ನ ಕೂಡುವ ಕಾಲಕ್ಕೆ ಮುಂಚೆ ನಡೆಯುತ್ತದೆ. ಅದಕ್ಕೂ ಮೊದಲು ಸಿಕ್ಕ ಕೊಂಬಿನೊಳಗೆ ರಕ್ತ ತುಂಬಿರುತ್ತದೆ, ತುದಿಗಳು ಇನ್ನೂ ಮೆತ್ತಗಿರುತ್ತವೆ, ಮತ್ತು ಅದು ಮಾಂಸದಂತೆಯೇ ಕೊಳೆಯುತ್ತದೆ.

ಹೊಡೆದ ದಿನವೇ ಫ್ರೀಜರ್‌ಗೆ ಹಾಕಿ, ಆದಷ್ಟು ಬೇಗ ವೃತ್ತಿಪರ ಚರ್ಮಪ್ರಸಾಧಕರಿಗೆ, ಅಂದರೆ ಸತ್ತ ಪ್ರಾಣಿಯ ತಲೆ, ಚರ್ಮಗಳನ್ನು ಕೆಡದಂತೆ ಸಂಸ್ಕರಿಸುವವರಿಗೆ, ಒಪ್ಪಿಸಿ. ಅವರು ಹೆಪ್ಪುಗಟ್ಟಿಸಿದ ಸ್ಥಿತಿಯಲ್ಲಿಯೇ ನಿರ್ವಾತದಲ್ಲಿ ತೇವವನ್ನು ಹೀರಿ ತೆಗೆಯುವ ಯಂತ್ರದಲ್ಲಿ ಅದನ್ನು ಒಣಗಿಸುತ್ತಾರೆ. ರಕ್ತನಾಳಗಳಿಗೆ ಸೂಜಿಯಿಂದ ಫಾರ್ಮಾಲಿನ್ ಹಾಯಿಸುವ ಇನ್ನೊಂದು ಕ್ರಮವಿದೆ. ಫಾರ್ಮಾಲಿನ್ ಹಬೆ ಕ್ಯಾನ್ಸರ್‌ಕಾರಕವೆಂದು ಸಾಬೀತಾಗಿದೆ, ಮನೆಯಲ್ಲಿ ಅದನ್ನು ಮುಟ್ಟಬೇಡಿ. ತೊಗಲು ಬೇಡವೆಂದಾದರೆ ಅದನ್ನು ಸುಲಿದು ತೊಳೆದು ಒಣಗಿಸಬಹುದು. ಅಡಿಯ ಮೂಳೆ ಮಾತ್ರ ಬಿಳಿಚಿಕೊಂಡಿರುತ್ತದೆ, ಅದಕ್ಕೆ ತೆಳುವಾಗಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ಬಳಿದರೆ ನೇರಳೆಯಾಗಿ ಹತ್ತಿ, ನೋಡುತ್ತಿದ್ದಂತೆ ಕಂದಾಗುತ್ತದೆ. ತುದಿಗಳನ್ನು ಬಟ್ಟೆಯಿಂದ ಉಜ್ಜಿ ತಿಳಿಯಾಗಿ ಬಿಟ್ಟರೆ ಸಹಜವಾಗಿ ಕಾಣುತ್ತದೆ, ಏಕೆಂದರೆ ಕಾಡಿನಲ್ಲಿಯೂ ಜಿಂಕೆ ಹೆಚ್ಚು ಉಜ್ಜುವ ತುದಿಗಳು ಬೆಳ್ಳಗೇ ಇರುತ್ತವೆ.

ಪ್ರಶ್ನೆ: ಕೊಡಗಿನ ನಮ್ಮ ಐನ್‌ಮನೆಯ ಪಡಸಾಲೆಯಲ್ಲಿ ಅಜ್ಜನ ಕಾಲದ ಕಡವೆಯ ಕೊಂಬುಗಳೂ, ಚರ್ಮಸಹಿತವಾದ ಒಂದು ತಲೆಯೂ ಇವೆ. ಅಜ್ಜನ ಹೆಸರಿನಲ್ಲಿ ಪ್ರಮಾಣಪತ್ರವಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಒಲೆಯ ಮಸಿಯೂ ಕೂತಿದೆ. ತೊಳೆದು ತೆಂಗಿನೆಣ್ಣೆ ಹಚ್ಚಬಹುದೇ?

ಉತ್ತರ: ಪ್ರಮಾಣಪತ್ರ ಇರುವುದು ನಿಮ್ಮ ಅದೃಷ್ಟ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕದ ಪ್ರಕರಣ ಸುದ್ದಿಯಾದಾಗ, ಇಂಥ ಕಾಗದ ಎಲ್ಲಿದೆಯೆಂದು ಎಷ್ಟೋ ಮನೆಗಳು ಹುಡುಕಾಡಿದವು. ಅಜ್ಜ ತೀರಿಕೊಂಡಿದ್ದರೆ, ಕೊಂಬುಗಳು ಉತ್ತರಾಧಿಕಾರದಲ್ಲಿ ಯಾರಿಗೆ ಬಂದಿವೆಯೋ ಅವರು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕೆಂದು ಕಾಯ್ದೆಯ 40ನೇ ಕಲಮು ಹೇಳುತ್ತದೆ. ಅವಧಿ ಮೀರಿದ್ದರೂ ಸುಮ್ಮನಿರಬೇಡಿ; ಈ ಕಾಯ್ದೆಯನ್ನು ಬಲ್ಲ ವಕೀಲರನ್ನು ಕಂಡು, ಅರಣ್ಯ ಇಲಾಖೆಗೆ ಬರೆದು ಕೊಟ್ಟು ಸ್ವೀಕೃತಿಯನ್ನು ಪಡೆಯಿರಿ. ಪ್ರಮಾಣಪತ್ರವಿದ್ದರೂ ಕೊಂಬನ್ನು ಮಾರುವಂತಿಲ್ಲ. ಕತ್ತರಿಸಿ ಬೇರೆ ವಸ್ತುವನ್ನು ಮಾಡಿಸುವ ಯೋಚನೆಯೂ ಬೇಡ. ಕಾಗದದಲ್ಲಿ ವರ್ಣಿಸಿದ ವಸ್ತು ಗೋಡೆಯ ಮೇಲೆ ಅದೇ ರೂಪದಲ್ಲಿ ಇರಬೇಕು. ಇನ್ನೊಂದು ರಾಜ್ಯಕ್ಕೆ ಮನೆ ಬದಲಿಸಿ ಕೊಂಡೊಯ್ದರೆ, ಅಲ್ಲಿನ ಮುಖ್ಯ ವನ್ಯಜೀವಿ ಪರಿಪಾಲಕರಿಗೆ 30 ದಿನಗಳೊಳಗೆ ತಿಳಿಸಬೇಕು. ನೀವು ಇಟ್ಟುಕೊಳ್ಳಲು ಬಯಸದಿದ್ದರೆ, 2022ರ ತಿದ್ದುಪಡಿಯ ನಂತರ ಪ್ರಮಾಣಪತ್ರ ಇರುವವರು ತಾವಾಗಿ ಸರ್ಕಾರಕ್ಕೆ ಒಪ್ಪಿಸಲು ದಾರಿಯೂ ಇದೆ. ಅದಕ್ಕೆ ಪರಿಹಾರಧನ ಇರುವುದಿಲ್ಲ. ಪ್ರಮಾಣಪತ್ರವೇ ಇಲ್ಲದ ಓದುಗರು ಇದನ್ನು ಓದುತ್ತಿದ್ದರೆ: 2003ರಲ್ಲಿ ಘೋಷಣೆಗೆ ಕೊಟ್ಟಿದ್ದ 180 ದಿನಗಳ ಅವಕಾಶ ಆಗಲೇ ಮುಗಿದಿದೆ. ಕೊಂಬನ್ನು ಸುಡುವುದು, ಹೂಳುವುದು, ಇನ್ನೊಬ್ಬರಿಗೆ ದಾಟಿಸುವುದು ಬೇಡ. ವಕೀಲರ ಮೂಲಕ ಇಲಾಖೆಯನ್ನು ಸಂಪರ್ಕಿಸಿ.

ಇನ್ನು ಶುಚಿಯ ವಿಷಯ. ಇಲಾಖೆಯವರು ಹಾಕಿದ ಗುರುತೇನಾದರೂ ಕೊಂಬಿನ ಮೇಲೆ ಅಥವಾ ಹಲಗೆಯ ಮೇಲೆ ಇದೆಯೇ ಎಂದು ಮೊದಲು ನೋಡಿ, ಅದನ್ನು ಯಾವ ಕಾರಣಕ್ಕೂ ಉಜ್ಜಬೇಡಿ. ಚರ್ಮಸಹಿತವಾದ ತಲೆಯನ್ನು ಮಾತ್ರ ನೀವು ಶುಚಿ ಮಾಡುವುದು ಬೇಡವೇ ಬೇಡ. ಸುಮಾರು 1980ರವರೆಗೆ ಪ್ರಪಂಚದಾದ್ಯಂತ ಚರ್ಮಪ್ರಸಾಧನದಲ್ಲಿ ಹುಳು ತಡೆಯಲು ಆರ್ಸೆನಿಕ್ ಬಳಕೆ ಸಾಮಾನ್ಯವಾಗಿತ್ತು. 1900ರ ಸುಮಾರಿಗೆ ಮೈಸೂರಿನಲ್ಲಿ ಆರಂಭವಾಗಿ ಶತಮಾನದ ಕೊನೆಯವರೆಗೆ ನಡೆದ ವ್ಯಾನ್ ಇಂಗೆನ್ ಕಾರ್ಯಾಗಾರದ ಕಾಲದ ಹಳೆಯ ತಲೆಗಳು ನಮ್ಮಲ್ಲಿ ಬಹಳ ಇವೆ. ಅದು ಯಾರ ಕೈಕೆಲಸವೇ ಆಗಿರಲಿ, ಹಳೆಯ ಚರ್ಮದಲ್ಲಿ ವಿಷವಿದೆಯೆಂದೇ ತಿಳಿದು ನಡೆಯುವುದು ಕ್ಷೇಮ. ಬರಿಗೈಯಲ್ಲಿ ಮುಟ್ಟಬೇಡಿ, ದೂಳು ಕೊಡವಬೇಡಿ, ಮಕ್ಕಳ ಕೈಗೆ ಎಟುಕದಂತೆ ಇಡಿ.

ಬರಿಯ ಕೊಂಬುಗಳನ್ನು ಮೆತ್ತನೆಯ ಒಣ ಬ್ರಶ್ಶಿನಿಂದ ಬುಡದಿಂದ ತುದಿಯ ಕಡೆಗೆ ಉಜ್ಜಿ ದೂಳು ತೆಗೆಯಿರಿ. ಕೊಂಬಿನ ಮೈಯಲ್ಲಿ ಉದ್ದಕ್ಕೂ ಇರುವ ಗೆರೆಗಳಲ್ಲಿಯೇ ಮಸಿ ಕೂತಿರುತ್ತದೆ. ಉಳಿದದ್ದಕ್ಕೆ ಹಿಂಡಿದ ಹತ್ತಿಯನ್ನು ಬಳಸಿ, ಒಂದು ಹನಿ ಸೌಮ್ಯ ಸಾಬೂನಿನ ನೀರಿನಿಂದ ಒರೆಸಿ, ತಕ್ಷಣ ಒಣಬಟ್ಟೆಯಿಂದ ಒತ್ತಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಬಿಸಿಲಿಗಿಡಬೇಡಿ. ಬೂಷ್ಟು ಇದ್ದರೆ ಮುಖಗವಸು ತೊಟ್ಟು, 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಹಗುರವಾಗಿ ಒರೆಸಿ. ತೆಂಗಿನೆಣ್ಣೆಯ ಸಲಹೆಯನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ, ನಾನು ಅದನ್ನು ಒಪ್ಪುವುದಿಲ್ಲ. ಅಡುಗೆಯ ಎಣ್ಣೆಗಳೆಲ್ಲ ಮೂಳೆಯೊಳಗೆ ಇಳಿದು ಕಮಟಾಗುತ್ತವೆ, ಅಂಟಾಗಿ ದೂಳು ಹಿಡಿಯುತ್ತವೆ, ಇರುವೆ ಜಿರಲೆಗಳನ್ನು ಕರೆಯುತ್ತವೆ. ಹೊಳಪು ಬೇಕೇಬೇಕೆಂದಿದ್ದರೆ ವಸ್ತುಸಂಗ್ರಹಾಲಯಗಳು ಬಳಸುವ ಸೂಕ್ಷ್ಮಸ್ಫಟಿಕ ಮೇಣವನ್ನು, ಉದಾಹರಣೆಗೆ ರೆನೆಸಾನ್ಸ್ ವ್ಯಾಕ್ಸನ್ನು, ಬಹಳ ತೆಳುವಾಗಿ ಹಚ್ಚಿ ಒರೆಸಿ. ವಾರ್ನಿಶ್ ಬೇಡ.

ಬೂಷ್ಟಿನ ಮೂಲ ಕಾರಣ ಕೊಂಬಲ್ಲ, ಗೋಡೆ. ಆಷಾಢದ ಮಳೆಯಲ್ಲಿ ಕೊಡಗಿನ ಹೊರಗೋಡೆಗಳು ನೀರನ್ನು ಕುಡಿದು ನಿಂತಿರುತ್ತವೆ. ಅದಕ್ಕೆ ಅಂಟಿಕೊಂಡ ಹಲಗೆಗೂ ತಲೆಯ ಬುಡಕ್ಕೂ ತೇವ ಹತ್ತುತ್ತದೆ. ಒಳಗೋಡೆಗೆ ಸ್ಥಳಾಂತರಿಸಿ, ಹಲಗೆಯ ಹಿಂದೆ ಬಿರಡೆಯ ತುಂಡುಗಳನ್ನು ಅಂಟಿಸಿ, ಬೆರಳಷ್ಟು ಅಂತರದಲ್ಲಿ ಗಾಳಿಯಾಡುವಂತೆ ಮಾಡಿ. ಒಲೆಯ ನೇರ ಶಾಖವೂ ಕಿಟಕಿಯ ನೇರ ಬಿಸಿಲೂ ತಾಗದಿರಲಿ. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆಯಾಗಿ, ಬೇಸಿಗೆಯಲ್ಲಿ ಒಮ್ಮೆಲೇ ಒಣಗುವ ಮೂಳೆಯಲ್ಲಿ ಸೀಳು ಬಿಡುವುದು ಈ ಏರಿಳಿತದಿಂದಲೇ.

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದಲ್ಲಿ ಕೆಲಸದವರಿಗೆ ಕಡವೆಯ ಉದುರಿದ ಕೊಂಬೊಂದು ಸಿಕ್ಕಿದೆ. ಯಾರೂ ಬೇಟೆಯಾಡಿದ್ದಲ್ಲ. ಇಟ್ಟುಕೊಳ್ಳಬಹುದಲ್ಲವೇ?

ಉತ್ತರ: ಇಟ್ಟುಕೊಳ್ಳುವಂತಿಲ್ಲ. ಕಾಯ್ದೆಯಲ್ಲಿ ವನ್ಯಪ್ರಾಣಿಯ ಅವಶೇಷಗಳ ಪಟ್ಟಿಯಲ್ಲಿ ಕೊಂಬಿನ ಹೆಸರೇ ಇದೆ. ಅದು ಕೊಂದು ತಂದದ್ದೋ ತಾನಾಗಿ ಉದುರಿದ್ದೋ ಎಂಬುದು ನಿಮ್ಮ ರಕ್ಷಣೆಗೆ ಬರುವುದಿಲ್ಲ. 39ನೇ ಕಲಮಿನಂತೆ ಅದು ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅರಣ್ಯಾಧಿಕಾರಿಗೆ ತಿಳಿಸಿ ಒಪ್ಪಿಸಬೇಕು. ತೋಟದ ಕೆಲಸದವರಿಗೂ ಇದನ್ನು ತಿಳಿಹೇಳಿ, ಏಕೆಂದರೆ ಚೀಲದಲ್ಲಿ ಕೊಂಬಿಟ್ಟುಕೊಂಡು ಬಸ್ಸು ಹತ್ತಿದವರು ಸಿಕ್ಕಿಬಿದ್ದರೆ ಶಿಕ್ಷೆ ಅವರಿಗೇ.

ಇದಕ್ಕಿಂತಲೂ ಮುಖ್ಯವಾದ ಕಾರಣವೊಂದು ನನ್ನ ಮನಸ್ಸಿನಲ್ಲಿದೆ. ಮಲೆನಾಡಿನ ಮಳೆ ಮಣ್ಣಿನ ಸುಣ್ಣವನ್ನು ತೊಳೆದುಕೊಂಡು ಹೋಗುತ್ತದೆ. ಅಂಥ ಕಾಡಿನಲ್ಲಿ ಉದುರಿದ ಕೊಂಬು ಕ್ಯಾಲ್ಸಿಯಂ ಮತ್ತು ರಂಜಕದ ಗಂಟು. ಮುಳ್ಳುಹಂದಿ, ಇಲಿ, ಅಳಿಲುಗಳು ಅದನ್ನು ಕಡಿದು ಸವೆಸುತ್ತವೆ. ಜಿಂಕೆಗಳೇ ಅದನ್ನು ಜಗಿಯುವುದೂ ಉಂಟು. ಮುಂದಿನ ಬಾರಿ ಕಂಡಾಗ ಕಂಡಲ್ಲಿಯೇ ಬಿಟ್ಟುಬಿಡಿ.

ಪ್ರಶ್ನೆ: ಡೆನ್ವರ್‌ನಲ್ಲಿರುವ ನಾವು ಮಕ್ಕಳೊಂದಿಗೆ ಬೆಟ್ಟಗಳಲ್ಲಿ ಉದುರಿದ ಕೊಂಬುಗಳನ್ನು ಹುಡುಕಲು ಹೋಗಬೇಕೆಂದಿದ್ದೇವೆ. ಅಲ್ಲಿಯೂ ನಿಷೇಧವಿದೆಯೇ?

ಉತ್ತರ: ಪೂರ್ಣ ನಿಷೇಧವಿಲ್ಲ, ಕಾಲದ ಕಟ್ಟುಪಾಡಿದೆ. ಕೊಲರಾಡೋದಲ್ಲಿ ಅಂತರರಾಜ್ಯ ಹೆದ್ದಾರಿ 25ರ ಪಶ್ಚಿಮಕ್ಕಿರುವ ಸಾರ್ವಜನಿಕ ಭೂಮಿಯಲ್ಲಿ ಜನವರಿ 1ರಿಂದ ಏಪ್ರಿಲ್ 30ರವರೆಗೆ ಕೊಂಬು ಆಯುವಂತಿಲ್ಲ. ಚಳಿಗಾಲದ ಕೊನೆಯಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳ ಮತ್ತು ಇತರ ಜಿಂಕೆಗಳ ಮೈಯಲ್ಲಿ ಕೊಬ್ಬು ಉಳಿದಿರುವುದಿಲ್ಲ. ಜನರ ಓಡಾಟಕ್ಕೆ ಬೆದರಿ ಹಿಮದಲ್ಲಿ ಓಡಿದರೆ ಆ ಶ್ರಮವೇ ಪ್ರಾಣಕ್ಕೆ ಎರವಾಗಬಹುದು. ಯೆಲ್ಲೋಸ್ಟೋನ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಯಾವ ಕಾಲದಲ್ಲಿಯೂ ಎತ್ತಿಕೊಳ್ಳಬಾರದು. ಮಕ್ಕಳಿಗೆ ತೋರಿಸಲು ವಯೋಮಿಂಗ್‌ನ ಜಾಕ್ಸನ್ ಪಟ್ಟಣ ಒಳ್ಳೆಯದು. ಅಲ್ಲಿನ ಚೌಕದಲ್ಲಿ ಎಲ್ಕ್ ಕೊಂಬುಗಳನ್ನೇ ಹೆಣೆದು ನಿಲ್ಲಿಸಿದ ಕಮಾನುಗಳಿವೆ; ಮೊದಲನೆಯದನ್ನು 1953ರಲ್ಲಿ ಕಟ್ಟಿದರು. ಪಕ್ಕದ ಎಲ್ಕ್ ಅಭಯಾರಣ್ಯದಲ್ಲಿ ಸ್ಕೌಟ್ ಬಾಲಕರು ಪ್ರತಿ ವಸಂತದಲ್ಲಿ ಕೊಂಬುಗಳನ್ನು ಆಯ್ದು ತರುತ್ತಾರೆ, ಮೇ ತಿಂಗಳಲ್ಲಿ ಹರಾಜಾಗುತ್ತದೆ, ಹಣದ ಬಹುಭಾಗ ಅಭಯಾರಣ್ಯಕ್ಕೇ ಮರಳುತ್ತದೆ.

ಪ್ರಶ್ನೆ: ಸ್ಕಾಟ್ಲೆಂಡ್‌ನಲ್ಲಿ ಎಸ್ಟೇಟೊಂದರಿಂದ ಕೆಂಪು ಜಿಂಕೆಯ ಕೊಂಬುಗಳನ್ನು ಕೊಂಡಿದ್ದೇನೆ. ಚಾಕುವಿನ ಹಿಡಿ, ಗುಂಡಿಗಳನ್ನು ಮಾಡುವ ಹವ್ಯಾಸ ಆರಂಭಿಸಬೇಕೆಂದಿದ್ದೇನೆ. ಸಲಹೆ ಕೊಡಿ.

ಉತ್ತರ: ನೀವು ಕೈ ಹಾಕುತ್ತಿರುವುದು ಮನುಷ್ಯನ ಅತ್ಯಂತ ಹಳೆಯ ಕಸುಬುಗಳಲ್ಲಿ ಒಂದಕ್ಕೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿರುವ ಗ್ರೈಮ್ಸ್ ಗ್ರೇವ್ಸ್ ಎಂಬಲ್ಲಿ ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಚಕಮಕಿ ಕಲ್ಲಿಗಾಗಿ ಗಣಿ ತೋಡಿದವರ ಗುದ್ದಲಿಗಳು ಕೆಂಪು ಜಿಂಕೆಯ ಕೊಂಬುಗಳೇ; ಬಳಸಿ ಬಿಟ್ಟ ಕೊಂಬುಗಳು ಅಲ್ಲಿನ ಸುರಂಗಗಳಲ್ಲಿ ಹೇರಳವಾಗಿ ದೊರೆತಿವೆ. ಗುದ್ದಲಿಯಾಗಿ ಬಂಡೆಗೆ ಬಡಿದರೂ ಬೇಗ ಮುರಿಯದಿರುವುದಕ್ಕೆ ಕಾರಣವಿದೆ. ಕಾಲಿನ ಮೂಳೆಗಿಂತ ಕೊಂಬಿನಲ್ಲಿ ಖನಿಜಾಂಶ ಕಡಿಮೆ, ನಾರಿನ ಅಂಶ ಹೆಚ್ಚು. ಗಂಡುಗಳ ಕಾದಾಟದ ಪೆಟ್ಟನ್ನು ನುಂಗಿಕೊಳ್ಳಲು ರೂಪುಗೊಂಡ ಮೂಳೆ ಅದು.

ಮೊದಲು ಕೊಂಬನ್ನು ಅಡ್ಡಲಾಗಿ ಕೊಯ್ದು ನೋಡಿ. ಹೊರಗೆ ಗಟ್ಟಿಯಾದ ದಟ್ಟ ಪದರ, ಒಳಗೆ ಸ್ಪಂಜಿನಂಥ ತಿರುಳು ಕಾಣುತ್ತದೆ. ತುದಿಗಳಲ್ಲಿ ತಿರುಳು ಬಹಳ ಕಡಿಮೆ, ಬುಡದ ಬಳಿಯೂ ಗಟ್ಟಿ, ನಡುಕಾಂಡದಲ್ಲಿ ತಿರುಳೇ ಹೆಚ್ಚು. ಆದ್ದರಿಂದ ಸಣ್ಣ ಚಾಕುವಿನ ಹಿಡಿಗೆ ಮತ್ತು ಉದ್ದನೆಯ ಗುಂಡಿಗಳಿಗೆ ತುದಿಗಳನ್ನು, ಬಿಲ್ಲೆಯಂಥ ಗುಂಡಿಗಳಿಗೆ ಬುಡದ ಭಾಗವನ್ನು ಮೀಸಲಿಡಿ. ಕಡವೆಯ ಕೊಂಬಿನಲ್ಲಿ ತಿರುಳು ಕಡಿಮೆ, ಮೈಮೇಲಿನ ಗೆರೆಗಳು ಆಳ. ಆ ಕಾರಣಕ್ಕೇ ಷೆಫೀಲ್ಡಿನ ಚಾಕು ತಯಾರಕರು ಒಂದು ಕಾಲದಲ್ಲಿ ಭಾರತದಿಂದ ಅದನ್ನು ತರಿಸಿಕೊಳ್ಳುತ್ತಿದ್ದರು. ಭಾರತದಿಂದ ಆ ರಫ್ತು ಈಗ ನಿಷಿದ್ಧ. ಭಾರತದ ಕಡವೆ ಕೊಂಬು ಎಂದು ಯಾರಾದರೂ ಹೊಸದಾಗಿ ಮಾರಲು ಬಂದರೆ, ಹಳೆಯ ಸಂಗ್ರಹವೆಂಬ ಮಾತನ್ನು ನಂಬಿ ಕೊಳ್ಳಬೇಡಿ. ಸ್ಕಾಟ್ಲೆಂಡಿನವರು ಕಿಲ್ಟ್ ತೊಟ್ಟಾಗ ಕಾಲುಚೀಲದಲ್ಲಿ ಸಿಕ್ಕಿಸುವ ಕಿರುಗತ್ತಿಗೆ ನಿಮ್ಮ ಕೆಂಪು ಜಿಂಕೆಯ ಕೊಂಬೇ ಸಾಂಪ್ರದಾಯಿಕ ಹಿಡಿ.

ಕೊಯ್ಯಲು ಸಣ್ಣ ಹಲ್ಲಿನ ಲೋಹದ ಗರಗಸ ಸಾಕು; ನಿಧಾನವಾಗಿ ಎಳೆಯಿರಿ, ಬಿಸಿಯಾದರೆ ಮೂಳೆ ಸುಟ್ಟ ವಾಸನೆ ಬರುತ್ತದೆ, ಅಂಚು ಕಪ್ಪಾಗುತ್ತದೆ. ಕೊಂಬಿನ ನುಣ್ಣನೆಯ ದೂಳು ಶ್ವಾಸಕೋಶಕ್ಕೆ ಕೆಡುಕು. ಎನ್‌95 ಮುಖಗವಸಿಲ್ಲದೆ ಉಜ್ಜಲು ಕೂರಬೇಡಿ, ಸಾಧ್ಯವಾದಲ್ಲೆಲ್ಲ ನೀರು ಹನಿಸಿ ಉಜ್ಜಿ. ಹಿಡಿಗಾಗಿ ತುಂಡನ್ನು ಹಿಂದೆಮುಂದೆ ತಿರುಗಿಸಿ ಕೈಗೆ ಹೊಂದುವ ಬಾಗು ಯಾವ ಕಡೆಗಿದೆಯೆಂದು ನೋಡಿದ ಮೇಲೆಯೇ ರಂಧ್ರ ಕೊರೆಯಿರಿ. ಚಾಕುವಿನ ಬಾಲ ಕೂರುವಷ್ಟು ಕೊರೆದು, ಒಳಗಿನ ಸಡಿಲ ತಿರುಳನ್ನು ಕೆರೆದು, ಎಪಾಕ್ಸಿ ತುಂಬಿ ಕೂರಿಸಿ. ಕೊಯ್ದ ತುದಿಯಲ್ಲಿ ತಿರುಳು ಹೊರಗೆ ಕಂಡರೆ ತೆಳುವಾದ ಸೂಪರ್ ಗ್ಲೂವನ್ನು ಹನಿಹನಿಯಾಗಿ ಕುಡಿಸಿ. ಅದು ಗಟ್ಟಿಯಾದ ಮೇಲೆ ಉಜ್ಜಿದರೆ ಬೆವರೂ ಕೊಳೆಯೂ ಒಳಗೆ ಇಳಿಯುವುದಿಲ್ಲ. ಮರಳುಕಾಗದವನ್ನು 120ರಿಂದ ಆರಂಭಿಸಿ 240, 400, 800 ಎಂದು ಏರಿಸುತ್ತ ಹೋಗಿ, ಬಟ್ಟೆಯಿಂದ ಹೊಳಪು ಕೊಡಿ. ಮೇಲ್ಮೈಯ ಗೆರೆಗಳನ್ನೆಲ್ಲ ಉಜ್ಜಿ ನುಣುಪು ಮಾಡುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ಹಿಡಿತ ಬರುವುದೂ, ಇದು ಪ್ಲಾಸ್ಟಿಕ್ ಅಲ್ಲವೆಂದು ತಿಳಿಯುವುದೂ ಆ ಗೆರೆಗಳಿಂದಲೇ.

ಪ್ರಶ್ನೆ: ಮಕ್ಕಳಿಗೆ ಕಫ, ಎದೆನೋವು ಬಂದಾಗ ಅಜ್ಜಿ ಜಿಂಕೆಯ ಕೊಂಬನ್ನು ಕಲ್ಲಿನ ಮೇಲೆ ತೇಯ್ದು ಹಚ್ಚುತ್ತಿದ್ದರು. ಈಗಲೂ ಮಾಡಬಹುದೇ?

ಉತ್ತರ: ಈ ರೂಢಿ ನಮ್ಮ ಹಲವು ಊರುಗಳಲ್ಲಿ ಇತ್ತು, ಆಯುರ್ವೇದದಲ್ಲಿ ಕೊಂಬನ್ನು ಸುಟ್ಟು ಸಂಸ್ಕರಿಸಿದ ಶೃಂಗಭಸ್ಮವೆಂಬ ಔಷಧಿಯೂ ಇದೆ. ಆದರೆ ಮಗುವಿಗೆ ಎದೆನೋವು ಅಥವಾ ಉಸಿರಾಟದ ತೊಂದರೆಯೆಂದರೆ ಅದು ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಸಂಗತಿ. ಮನೆಯಲ್ಲಿ ಅದಕ್ಕಾಗಿ ಕೊಂಬಿನ ತುಂಡನ್ನು ಇಟ್ಟುಕೊಳ್ಳುವುದು ಮೇಲೆ ಹೇಳಿದ ಕಾಯ್ದೆಯಡಿ ಅಪರಾಧವೂ ಹೌದು. ಹಿರಿಯರ ಪ್ರೀತಿಯನ್ನು ನೆನೆಯೋಣ. ಚಿಕಿತ್ಸೆಯನ್ನು ಮುಂದುವರಿಸುವುದು ಬೇಡ.

ಪ್ರಶ್ನೆ: ಟೆಕ್ಸಾಸ್‌ನಿಂದ ಬೆಂಗಳೂರಿಗೆ ಮರಳುತ್ತಿದ್ದೇವೆ. ಕಾನೂನುಬದ್ಧವಾಗಿ ಬೇಟೆಯಾಡಿದ ಜಿಂಕೆಯ ಕೊಂಬನ್ನು ಸಾಮಾನಿನೊಂದಿಗೆ ತರಬಹುದೇ? ನಮ್ಮ ನಾಯಿ ಕಚ್ಚುವ ಕೊಂಬಿನ ತುಂಡುಗಳನ್ನೂ ತರಬೇಕೆಂದಿದ್ದೇವೆ.

ಉತ್ತರ: ಎರಡನ್ನೂ ಅಲ್ಲಿಯೇ ಬಿಟ್ಟು ಬನ್ನಿ. ವನ್ಯಜೀವಿಗಳ ಅಂಗಾಂಗಗಳು ಭಾರತದ ಸುಂಕದ ಇಲಾಖೆಯ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿವೆ. ಟೆಕ್ಸಾಸ್‌ನ ಪರವಾನಗಿ ಅಲ್ಲಿ ಮಾಡಿದ ಬೇಟೆಗೆ ಸಲ್ಲುತ್ತದೆ, ಇಲ್ಲಿಗೆ ತರುವುದಕ್ಕೆ ಸಲ್ಲುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಅದು ಬಿಳಿಬಾಲದ ಜಿಂಕೆಯದೋ ನಮ್ಮ ಸಾರಗದ್ದೋ ಎಂಬುದನ್ನು ಸಾಬೀತುಪಡಿಸುವ ಹೊರೆಯೂ ನಿಮ್ಮ ಮೇಲೆ ಬೀಳುತ್ತದೆ. ಅಲ್ಲಿಯೇ ಗೆಳೆಯರ ಮನೆಗೆ ಕೊಡುವುದಾದರೆ, ಬೇಟೆಯ ಪರವಾನಗಿಯ ಸಂಖ್ಯೆ, ದಿನಾಂಕ ಮತ್ತು ಸ್ಥಳವನ್ನು ಬರೆದ ಸಹಿ ಮಾಡಿದ ಚೀಟಿಯನ್ನು ಕೊಂಬಿನೊಂದಿಗೆ ಕೊಡಿ.

ನಾಯಿಯ ವಿಷಯದಲ್ಲಿ ಕಾನೂನನ್ನು ಬದಿಗಿಟ್ಟರೂ ನನ್ನ ಸಲಹೆ ಅದೇ. ಕೊಂಬು ನಾಯಿಯ ಹಲ್ಲಿಗಿಂತ ಹಠಮಾರಿ. ಬಲವಾಗಿ ಕಡಿಯುವ ನಾಯಿಗಳಲ್ಲಿ ಮೇಲ್ದವಡೆಯ ದೊಡ್ಡ ಹಲ್ಲು ಸೀಳಿಹೋಗುವುದನ್ನು ಪಶುವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ, ಆ ಹಲ್ಲನ್ನು ಕೊನೆಗೆ ಕೀಳಬೇಕಾಗುತ್ತದೆ. ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ಸ್ವಲ್ಪವಾದರೂ ತಗ್ಗು ಬೀಳುವಂಥ ರಬ್ಬರಿನ ಆಟಿಕೆಯನ್ನು ಕೊಡಿ.